1986ರ ಸೋಲಿಗೆ ಬಿಲ್ ಬಕ್ನರ್ ಹೊಣೆಯೇ?

ಪರ: ಹೌದು, ಆ ಚೆಂಡು ಅವರದ್ದೇ

1986ರ ಅಕ್ಟೋಬರ್ 25ರ ರಾತ್ರಿ, ನ್ಯೂಯಾರ್ಕಿನ ಶೇ ಸ್ಟೇಡಿಯಂ. ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿ, ಅಂದರೆ ಮೊದಲು ನಾಲ್ಕು ಪಂದ್ಯ ಗೆದ್ದವರು ಚಾಂಪಿಯನ್ ಆಗುವ ವರ್ಲ್ಡ್ ಸೀರೀಸ್‌ನ 6ನೇ ಪಂದ್ಯ, 10ನೇ ಇನ್ನಿಂಗ್ಸ್. ನ್ಯೂಯಾರ್ಕ್ ಮೆಟ್ಸ್ ತಂಡದ ಮೂಕಿ ವಿಲ್ಸನ್ ಹೊಡೆದ ಚೆಂಡು ಪುಟಿಯುತ್ತಾ ಫಸ್ಟ್ ಬೇಸ್ (ಓಟಗಾರ ಮೊದಲು ಮುಟ್ಟಬೇಕಾದ ಜಾಗ) ಕಡೆ ಬಂತು. ಜೋರೇನೂ ಇರಲಿಲ್ಲ. ಅಲ್ಲಿ ಫೀಲ್ಡಿಂಗ್‌ಗೆ ನಿಂತಿದ್ದ, ಎದುರಾಳಿ ಬಾಸ್ಟನ್ ರೆಡ್ ಸಾಕ್ಸ್ ತಂಡದ ಬಿಲ್ ಬಕ್ನರ್ ಬಾಗಿದರು. ಗ್ಲೌಸ್ ಪೂರ್ತಿ ನೆಲಕ್ಕೆ ಇಳಿಯಲಿಲ್ಲ. ಚೆಂಡು ಕಾಲ ಸಂದಿಯಲ್ಲಿ ನುಸುಳಿ ಹಿಂದಕ್ಕೆ ಹೋಯಿತು. ಸೆಕೆಂಡ್ ಬೇಸ್‌ನಲ್ಲಿದ್ದ ರೇ ನೈಟ್ ಓಡಿ ಬಂದು ಗೆಲುವಿನ ರನ್ ತಂದರು.

ವಿಲ್ಸನ್ ಭಾರಿ ವೇಗದ ಓಟಗಾರ, ಚೆಂಡು ಸಿಕ್ಕಿದ್ದರೂ ಔಟ್ ಆಗುತ್ತಿರಲಿಲ್ಲ ಅನ್ನುವವರಿದ್ದಾರೆ. ಔಟ್ ಬೇಡ ಬಿಡಿ. ಮೈಯೊಡ್ಡಿ ತಡೆದಿದ್ದರೂ ಸಾಕಿತ್ತು, ನೈಟ್ ಮೂರನೇ ಬೇಸ್ ದಾಟುವುದು ಕಷ್ಟವಿತ್ತು. ಸಾಧಾರಣ ಪ್ರಯತ್ನಕ್ಕೆ ಸಿಗಬೇಕಾದ ಚೆಂಡು ತಪ್ಪಿಹೋದರೆ ಅದು ಆ ಆಟಗಾರನ ಹೆಸರಿಗೇ ಎರರ್, ಅಂದರೆ ಫೀಲ್ಡಿಂಗ್ ತಪ್ಪು. ಬಕ್ನರ್ ಅವರಿಗೆ ಪಾದದ ಕೀಲು ನೋವಿತ್ತು, ನಿಜ. ಆದರೆ ಅಂಗಳಕ್ಕೆ ಇಳಿದ ಮೇಲೆ ಆ ಜಾಗದ ಜವಾಬ್ದಾರಿ ನಿಂತವರದ್ದೇ ಅಲ್ವಾ?

ವಿರೋಧ: ಒಬ್ಬರ ತಲೆಗೆ ಕಟ್ಟಬೇಡಿ

ಆ ಚೆಂಡು ಬರುವ ಹೊತ್ತಿಗೆ ಸ್ಕೋರ್ 5-5 ಆಗಿಹೋಗಿತ್ತು. ಇದನ್ನು ಜಾಸ್ತಿ ಜನ ಮರೆತೇಬಿಡುತ್ತಾರೆ. ಬಾಸ್ಟನ್ 5-3ರಿಂದ ಮುಂದಿತ್ತು, ಇನ್ನೊಂದೇ ಔಟ್ ಸಿಕ್ಕಿದ್ದರೆ 1918ರ ನಂತರ ಮೊದಲ ಸಲ ಚಾಂಪಿಯನ್. ಆಗ ಮೆಟ್ಸ್‌ನ ಗ್ಯಾರಿ ಕಾರ್ಟರ್, ಕೆವಿನ್ ಮಿಚೆಲ್, ರೇ ನೈಟ್ ಸಾಲಾಗಿ ಹಿಟ್ ಹೊಡೆದರು. ಆಮೇಲೆ ಬಾಸ್ಟನ್‌ನ ಬಾಬ್ ಸ್ಟ್ಯಾನ್ಲಿ ಎಸೆದ ಚೆಂಡು ಕ್ಯಾಚರ್ ಕೈಗೂ ಸಿಗದೆ ದೂರ ಹೋಯಿತು, ಸ್ಕೋರ್ ಸಮ ಮಾಡುವ ರನ್ ಬಂತು. ಇದರಲ್ಲಿ ಬಕ್ನರ್ ತಪ್ಪೇನಿದೆ?

ಬಾಸ್ಟನ್ ಮ್ಯಾನೇಜರ್ ಜಾನ್ ಮೆಕ್‌ನಮಾರ ಅವರನ್ನೂ ಕೇಳಬೇಕು. ಆ ಸೀರೀಸ್‌ನಲ್ಲಿ ತಂಡ ಗೆದ್ದ ಪಂದ್ಯಗಳಲ್ಲಿ ಕೊನೆಯ ಹೊತ್ತಿಗೆ ಬಕ್ನರ್ ಬದಲು ಡೇವ್ ಸ್ಟೇಪಲ್ಟನ್ ಅವರನ್ನು ಇಳಿಸುತ್ತಿದ್ದರು. ಅಂದು ಇಳಿಸಲಿಲ್ಲ. ಕುಂಟುತ್ತಿದ್ದ 36ರ ಆಟಗಾರ ಅಲ್ಲೇ ಉಳಿದರು.

ಬಕ್ನರ್ ಆಡಿದ್ದು 22 ಸೀಸನ್, ಹೊಡೆದದ್ದು 2,715 ಹಿಟ್. ಫೀಲ್ಡಿಂಗ್ ಬಾರದವರೂ ಅಲ್ಲ. 1985ರಲ್ಲಿ ಅವರು ಮಾಡಿದ 184 ಅಸಿಸ್ಟ್ (ಚೆಂಡು ಹಿಡಿದೆಸೆದು ಔಟ್‌ಗೆ ನೆರವಾಗುವುದು) ಆ ಕಾಲಕ್ಕೆ ಫಸ್ಟ್ ಬೇಸ್‌ನಲ್ಲಿ ದಾಖಲೆ. ಇಷ್ಟೆಲ್ಲ ಇದ್ದೂ ವರ್ಷಗಟ್ಟಲೆ ಬೈಗುಳ ತಿಂದರು. ನನಗೆ ಇದು ಅನ್ಯಾಯವೆಂದೇ ಅನಿಸುತ್ತದೆ.

ಅಂದಹಾಗೆ, ಸೀರೀಸ್ ಅಂದೇ ಮುಗಿದಿರಲಿಲ್ಲ. ಎರಡು ದಿನದ ನಂತರದ 7ನೇ ಪಂದ್ಯದಲ್ಲಿ ಬಾಸ್ಟನ್ 3-0 ಮುಂದಿದ್ದೂ 8-5ರಿಂದ ಸೋತಿತು. ಆ ಪಂದ್ಯದ 8ನೇ ಇನ್ನಿಂಗ್ಸ್‌ನಲ್ಲಿ ಬಕ್ನರ್ ಹಿಟ್ ಹೊಡೆದು ರನ್ ಕೂಡ ಗಳಿಸಿದ್ದರು.