ಪಯೋನಿಯರ್ ಸ್ಕ್ವೇರ್‌ನ ಕಂಬ ಯಾರದು?

ಹೋದ ತಿಂಗಳು ಊರಿಂದ ಅಮ್ಮ ಬಂದಿದ್ದರು. ಸಿಯಾಟಲ್ ತೋರಿಸೋಣ ಅಂತ ಪಯೋನಿಯರ್ ಸ್ಕ್ವೇರ್‌ಗೆ ಕರೆದುಕೊಂಡು ಹೋದೆ. ಅಲ್ಲಿನ ಎತ್ತರದ ಟೋಟೆಮ್ ಕಂಬದ (ಆಕೃತಿಗಳನ್ನು ಕೆತ್ತಿದ ಮರದ ಕಂಬ) ಕೆಳಗೆ ನಿಂತು, ಕತ್ತೆತ್ತಿ ನೋಡಿ, "ಇದು ಯಾವ ದೇವರೋ?" ಅಂದರು. ತುದಿಯಲ್ಲಿ ಕೊಕ್ಕಿನಲ್ಲಿ ಚಂದ್ರನನ್ನು ಕಚ್ಚಿಕೊಂಡ ದೊಡ್ಡ ಕಾಗೆ. ಅದರ ಕೆಳಗೆ ಕಪ್ಪೆಮರಿ ಹಿಡಿದ ಹೆಂಗಸು. ಬುಡದ ಹತ್ತಿರ ತಿಮಿಂಗಿಲ.

ದೇವರಲ್ಲಮ್ಮ, ತೀರಿಹೋದ ಒಬ್ಬ ಹೆಂಗಸಿನ ನೆನಪಿಗೆ ನಿಲ್ಲಿಸಿದ್ದು ಅಂದೆ.

"ಅವಳ ಊರು ಇದೇನಾ?"

ಅಲ್ಲ. ಅವಳ ಊರು ಇಲ್ಲಿಂದ ಹತ್ತಿರ ಹತ್ತಿರ ಸಾವಿರ ಕಿಲೋಮೀಟರ್ ದೂರದ ಅಲಾಸ್ಕದ ಟಾಂಗಾಸ್. ಅಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರವಳು. 'ಎಲ್ಲ ಹೆಂಗಸರ ಒಡತಿ' ಅನ್ನೋ ಅರ್ಥದ ಹೆಸರು. ಹುಷಾರಿಲ್ಲದ ಒಡಹುಟ್ಟಿದವಳನ್ನು ನೋಡಲು ಹೊರಟವಳು ನಾಸ್ ನದಿಯಲ್ಲಿ ಮುಳುಗಿ ಸತ್ತಳು. ಮನೆಯವರು ಅವಳಿಗಾಗಿ ಕಂಬ ಕೆತ್ತಿಸಿ ನಿಲ್ಲಿಸಿದರು.

1899ರಲ್ಲಿ ಸಿಯಾಟಲ್‌ನ ವ್ಯಾಪಾರಿಗಳು ಹಡಗಿನಲ್ಲಿ ಅಲಾಸ್ಕ ಪ್ರವಾಸ ಹೋದರು. ಟಾಂಗಾಸ್‌ನ ಜನ ಮೀನು ಹಿಡಿಯಲು ಹೋಗಿದ್ದ ಸಮಯ. ನಾವಿಕರು ಇಳಿದು, ಚೆನ್ನಾಗಿ ಕಂಡ ಕಂಬವನ್ನು ಮರ ಕಡಿದಂತೆ ಕಡಿದರು. ದಡಕ್ಕೆ ಉರುಳಿಸಿಕೊಂಡು ಹೋಗಲು ಆಗಲಿಲ್ಲ ಅಂತ ಗರಗಸ ಹಾಕಿ ಎರಡು ತುಂಡು ಮಾಡಿದರು. ಅದೇ ವರ್ಷ ಅಕ್ಟೋಬರ್ 18ಕ್ಕೆ ಈ ಚೌಕದಲ್ಲಿ ಸಂಭ್ರಮದಿಂದ ಅನಾವರಣ! ಕಂಬ ಕಳೆದುಕೊಂಡ ಟಾಂಗಾಸ್‌ನವರು 20,000 ಡಾಲರ್ ಕೇಳಿದರು. ಅಲಾಸ್ಕದಲ್ಲಿ ಕೇಸೂ ಆಯಿತು. ಕೊನೆಗೆ ಪ್ರವಾಸ ಏರ್ಪಡಿಸಿದ್ದ ಪತ್ರಿಕೆ 500 ಡಾಲರ್ ಕೊಟ್ಟು ಕೈತೊಳೆದುಕೊಂಡಿತು. ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತೆ.

ಯಾಕೆ ಬೇಕಿತ್ತು ಇವರಿಗೆ? ಆಗ ಅಲಾಸ್ಕದಾಚೆಯ ಕ್ಲೋಂಡೈಕ್‌ನಲ್ಲಿ ಚಿನ್ನ ಹುಡುಕುವ ಹುಚ್ಚು. ಅಲಾಸ್ಕಕ್ಕೆ ಹೋಗುವವರು ನಮ್ಮ ಊರಿನಿಂದಲೇ ಹಡಗು ಹತ್ತಲಿ, ನಮ್ಮಲ್ಲೇ ಸಾಮಾನು ಕೊಳ್ಳಲಿ ಅನ್ನೋ ಲೆಕ್ಕ. ಕಂಬ ಒಳ್ಳೆ ಜಾಹೀರಾತಾಯಿತು. 1909ರ ದೊಡ್ಡ ವಸ್ತುಪ್ರದರ್ಶನದಲ್ಲೂ ಟೋಟೆಮ್ ಕಂಬಗಳೇ. ಆಮೇಲೆ ಪೋಸ್ಟ್‌ಕಾರ್ಡು, ಅಂಗಡಿಯ ಗೊಂಬೆ, ಎಲ್ಲ ಕಡೆ.

ಆದರೆ ಈ ನೆಲದ ಡುವಾಮಿಶ್, ಸುಕ್ವಾಮಿಶ್ ಜನರಲ್ಲಿ ಇಂಥ ಕಂಬ ನಿಲ್ಲಿಸುವ ಪದ್ಧತಿಯೇ ಇರಲಿಲ್ಲ. ಅವರು ಕೆತ್ತುತ್ತಿದ್ದದ್ದು ಮನೆಯೊಳಗಿನ ಕಂಬಗಳನ್ನು. ಊರಿಗೆ ಹೆಸರು ಕೊಟ್ಟ ಅವರ ಮುಖಂಡ ಸಿಯಾಲ್‌ನ ಎದೆಮಟ್ಟದ ಪ್ರತಿಮೆಯೂ ಇದೇ ಚೌಕದಲ್ಲಿದೆ. ಕಂಬದ ಮುಂದೆ ಎಷ್ಟು ಚಿಕ್ಕದು! 1865ರಲ್ಲೇ ಆ ಜನ ಊರೊಳಗೆ ವಾಸಿಸಬಾರದು ಅಂತ ಕಾನೂನು ಮಾಡಿದ ಊರಿದು. ಅವರನ್ನು ಹೊರಗಿಟ್ಟು, ಇನ್ನೊಬ್ಬರ ನೆನಪನ್ನು ತಂದು ನೆಟ್ಟು, ಇದೇ ನಮ್ಮ ಗುರುತು ಅಂದರು. ನನಗೆ ಜಾಸ್ತಿ ನೋವಾಗುವುದು ಇದೇ.

ಈಗಿರುವುದು ಮೂಲ ಕಂಬವಲ್ಲ. 1938ರಲ್ಲಿ ಅದಕ್ಕೆ ಯಾರೋ ಬೆಂಕಿ ಇಟ್ಟರು. ಟ್ಲಿಂಗಿಟ್ ಕೆತ್ತನೆಗಾರರೇ ಪ್ರತಿ ಮಾಡಿಕೊಟ್ಟರು, 1940ರಲ್ಲಿ ನಿಂತಿತು. ಅವರ ಕೈಕೆಲಸ ಅನ್ನೋದಷ್ಟೇ ಸಮಾಧಾನ.

ಇಲ್ಲಿರುವ ನಾವು ಕನ್ನಡಿಗರು ಊರಿಂದ ಬಂದವರನ್ನೆಲ್ಲ ಇಲ್ಲಿ ನಿಲ್ಲಿಸಿ ಫೋಟೋ ತೆಗೀತೀವಿ ಅಲ್ವಾ? ಸುಮ್ನೆ 'ಸಿಯಾಟಲ್ ಟೋಟೆಮ್' ಅನ್ನಬೇಡಿ. ಅವಳ ಕಥೆ ಹೇಳಿ. ಎರಡೇ ನಿಮಿಷ ಸಾಕು.

ನಾನು ಫೋನ್ ತೆಗೆದಾಗ ಅಮ್ಮ ಬೇಡ ಅಂದರು. ಸೆರಗು ಸರಿಮಾಡಿಕೊಂಡು ಇನ್ನೊಮ್ಮೆ ಮೇಲೆ ನೋಡಿದರು. "ಒಡಹುಟ್ಟಿದವಳನ್ನ ನೋಡೋಕೆ ಹೊರಟಿದ್ದಳಾ, ಪಾಪ."