ಸ್ಪಷ್ಟನೆ: ಕೊಳವೆ ಅನಿಲದ ಮಾರಾಟವೂ ಸ್ಪರ್ಧಾ ಕಾಯ್ದೆಯ ವ್ಯಾಪ್ತಿಯಲ್ಲಿದೆ

‘ನೈಸರ್ಗಿಕ ಅನಿಲಕ್ಕೆ ಪ್ರತ್ಯೇಕ ನಿಯಂತ್ರಣ ಮಂಡಳಿ ಇರುವುದರಿಂದ, ನಗರದಲ್ಲಿ ಅನಿಲ ಪೂರೈಸುವ ಏಕೈಕ ಕಂಪನಿಯ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಡಲು ಬರುವುದಿಲ್ಲ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ.

ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯು 2006ರ ಕಾಯ್ದೆಯಡಿ ಒಂದು ಭೌಗೋಳಿಕ ಪ್ರದೇಶದ ವಿತರಣೆಯನ್ನು ಒಂದು ಸಂಸ್ಥೆಗೆ ವಹಿಸಬಹುದು ಮತ್ತು ನಿಗದಿತ ಅವಧಿಯವರೆಗೆ ಅದಕ್ಕೆ ಏಕಸ್ವಾಮ್ಯದ ರಕ್ಷಣೆಯನ್ನೂ ನೀಡಬಹುದು. ಹಾಗೆ ಪ್ರಬಲ ಸ್ಥಾನ ಪಡೆಯುವುದು ಅಪರಾಧವಲ್ಲ; 2002ರ ಸ್ಪರ್ಧಾ ಕಾಯ್ದೆಯ 4ನೇ ಕಲಮು ನಿಷೇಧಿಸುವುದು ಆ ಸ್ಥಾನದ ದುರುಪಯೋಗವನ್ನು. ಈ ಕಾಯ್ದೆಯು ಇತರ ಕಾನೂನುಗಳಿಗೆ ಪೂರಕವಾಗಿ ಅನ್ವಯಿಸುತ್ತದೆಂದು ಅದರ 62ನೇ ಕಲಮು ಹೇಳುತ್ತದೆ; ಹಾಗಾಗಿ ಪ್ರತ್ಯೇಕ ಮಂಡಳಿ ಇದ್ದರೂ, ಈ ಕಾಯ್ದೆಯನ್ನು ಜಾರಿಗೊಳಿಸುವ ಸ್ಪರ್ಧಾ ಆಯೋಗಕ್ಕೆ ದೂರು ಕೊಡಬಹುದು.

ಹರಿಯಾಣದ ಫರೀದಾಬಾದ್ ಕೈಗಾರಿಕೆಗಳ ಸಂಘವು ಅಲ್ಲಿ ಅನಿಲ ಪೂರೈಸುತ್ತಿದ್ದ ಅದಾನಿ ಗ್ಯಾಸ್ ಕಂಪನಿಯ ವಿರುದ್ಧ ಆಯೋಗಕ್ಕೆ ನೀಡಿದ ದೂರು ಇದಕ್ಕೆ ನೇರ ನಿದರ್ಶನ. ಆ ಪ್ರಕರಣದಲ್ಲಿ ಪರಿಶೀಲನೆಗೆ ಒಳಗಾದದ್ದು ಪೂರೈಕೆ ಒಪ್ಪಂದದ ಷರತ್ತುಗಳು. ಬಿಲ್ಲಿನ ತಪ್ಪಿನಿಂದ ಗ್ರಾಹಕ ಹೆಚ್ಚು ಹಣ ಕಟ್ಟಿದ್ದರೂ ಆ ಹೆಚ್ಚುವರಿ ಮೊತ್ತಕ್ಕೆ ಬಡ್ಡಿ ಕೊಡುವ ಹೊಣೆ ಕಂಪನಿಗೆ ಇರಲಿಲ್ಲ. ಇಂಥ ಏಕಪಕ್ಷೀಯ ಷರತ್ತುಗಳಿಗಾಗಿ ಆಯೋಗವು 2014ರಲ್ಲಿ 25.67 ಕೋಟಿ ರೂಪಾಯಿ ದಂಡ ವಿಧಿಸಿತು. ಮೇಲ್ಮನವಿಯಲ್ಲಿ ದಂಡದ ಮೊತ್ತ ಇಳಿಯಿತು.

ಆದರೆ ದರ ಏರಿತೆಂಬ ಒಂದೇ ಕಾರಣಕ್ಕೆ ದೂರು ಊರ್ಜಿತವಾಗುವುದಿಲ್ಲ. ಬೇರೆ ಪೂರೈಕೆದಾರರಿಲ್ಲದ ಗ್ರಾಹಕ ಒಪ್ಪಂದಕ್ಕೆ ಸಹಿ ಹಾಕಲೇಬೇಕಾದ್ದರಿಂದ, ಅದರ ಷರತ್ತುಗಳು ನ್ಯಾಯವಾಗಿವೆಯೇ ಎಂಬುದೇ ನನ್ನ ದೃಷ್ಟಿಯಲ್ಲಿ ಮುಖ್ಯ ಪ್ರಶ್ನೆ. ಬೆಂಗಳೂರಿನ ಕೊಳವೆ ಅನಿಲ ಗ್ರಾಹಕರಿಗೂ ಇದೇ ಕಾನೂನು ಅನ್ವಯಿಸುತ್ತದೆ.