ಮೂರು ಕೂಗಿನ ಅನ್ನ

ಗಂಡು ಸೈಬೀರಿಯನ್ ಹಸ್ಕಿ ನಾಯಿ ಹೆಚ್ಚೆಂದರೆ 27 ಕೆಜಿ ತೂಗಬೇಕಂತೆ. ನಮ್ಮದು 38. ಶೆಲ್ಟರ್‌ನಲ್ಲಿ ಮೊದಲು ನೋಡಿದಾಗ ಕೂದಲು ಜಾಸ್ತಿ, ಅದಕ್ಕೇ ಹಾಗೆ ಕಾಣುತ್ತೆ ಅಂದುಕೊಂಡಿದ್ದೆವು. ಸ್ನಾನ ಮಾಡಿಸಿದ ದಿನ ಗೊತ್ತಾಯಿತು, ಕೂದಲೆಲ್ಲ ಒದ್ದೆಯಾಗಿ ಮೈಗೆ ಅಂಟಿದರೂ ನಾಯಿ ಅಷ್ಟೇ ಅಗಲ ಇತ್ತು.

ಬೆಂಗಳೂರಲ್ಲಿ ಇದು ಮಾಮೂಲು ಕತೆ. ಮರಿಯ ನೀಲಿ ಕಣ್ಣಿಗೆ ಮರುಳಾಗಿ ತರುತ್ತಾರೆ, ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಸಾಂಬಾರಿನಲ್ಲಿ ಕೂದಲು, ಹಗಲೂ ರಾತ್ರಿ ಎಸಿ, ಕರೆಂಟ್ ಬಿಲ್ಲು ಎಲ್ಲಾ ಸೇರಿ ಸಾಕಪ್ಪಾ ಸಾಕು ಅನ್ನಿಸಿ ಬಿಟ್ಟು ಹೋಗುತ್ತಾರೆ. ಐದು ವರ್ಷದ ಇವನನ್ನೂ ಯಾರೋ ಹಾಗೇ ಬಿಟ್ಟಿದ್ದರು. ಕಾಗದದಲ್ಲಿ ಹೆಸರು ಫ್ಲ್ಯಾಶ್ ಅಂತ ಇತ್ತು. ಅಮ್ಮ ಬಾಗಿಲಲ್ಲೇ ನಿಂತು ಒಂದು ಸಲ ನೋಡಿ "ಗುಂಡ" ಅಂದರು. ಅವನು ಬಾಲ ಅಲ್ಲಾಡಿಸಿದ. ಮುಗೀತು ನಾಮಕರಣ.

ಡಾಕ್ಟರು ಪಕ್ಕೆ ಮೇಲೆ ಕೈಯಾಡಿಸಿ "ಪಕ್ಕೆಲುಬು ಎಲ್ಲಿ ಸಾರ್?" ಅಂತ ನನ್ನನ್ನೇ ಕೇಳಿದರು, ನಾನೇ ಎಲ್ಲೋ ಇಟ್ಟು ಮರೆತಿರೋ ಹಾಗೆ. ಊಟ ಅಳೆದು ಹಾಕಿ, ಬಿಸ್ಕತ್ತು ಬಂದ್, ಬಿಸಿಲೇರುವ ಮೊದಲೇ ವಾಕಿಂಗ್ ಮುಗಿಸಿ ಅಂದರು. ಪಾಪ ಸೆಕೆ, ಬೋಳಿಸಿಬಿಡೋಣ್ವಾ ಅಂದಿದ್ದಕ್ಕೆ ಬೈದರು. ಎರಡು ಪದರದ ಆ ಕೂದಲೇ ಬಿಸಿಲಿಗೂ ಕೊಡೆಯಂತೆ.

ಹಸ್ಕಿ ಬೊಗಳೋದು ಕಡಿಮೆ, ಊಳಿಡೋದು ಜಾಸ್ತಿ. ನಾಯಿ ಊಳಿಟ್ಟರೆ ನಮ್ಮ ಕಡೆ ಏನರ್ಥ ಅಂತ ನಿಮಗೆ ಗೊತ್ತಲ್ವಾ. ಮೊದಲ ರಾತ್ರಿಯೇ ಅರ್ಧ ಗಂಟೆ ರಾಗ ಎಳೆದ. ಬೆಳಿಗ್ಗೆ ಕೆಳಗಿನ ಮನೆ ಆಂಟಿ ಬಂದು, "ನಮ್ಮ ಮಾವ ಚೆನ್ನಾಗೇ ಇದ್ದಾರೆ, ಈಗಷ್ಟೇ ಕಾಫಿ ಕುಡಿದರು, ನಿಮ್ಮ ನಾಯಿಗೆ ಸ್ವಲ್ಪ ಹೇಳಿ" ಅಂದರು.

ತಿಂಗಳಾದ ಮೇಲೆ ಮನೆಯಲ್ಲೇ ತೂಕ ನೋಡಿದೆವು. ಅವನನ್ನು ಎತ್ತಿಕೊಂಡು ನಾನು ತೂಕದ ಯಂತ್ರದ ಮೇಲೆ ಹತ್ತೋದು, ಒಟ್ಟು ತೂಕದಲ್ಲಿ ನನ್ನದನ್ನು ಕಳೆಯೋದು. ಅವನ ಹೊಟ್ಟೆ ಅಡ್ಡ ಬಂದು ನನಗೆ ಅಂಕಿಯೇ ಕಾಣಲಿಲ್ಲ. ಹೆಂಡತಿ ನೆಲಕ್ಕೆ ಬಗ್ಗಿ ಓದುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. "ನಿಮ್ಮ 74 ಕಳೆದರೆ 39" ಅಂದಳು. ಒಂದು ಕೆಜಿ ಜಾಸ್ತಿ!

ವಿಚಾರಣೆ ಶುರುವಾಯಿತು. ವಾಚ್‌ಮನ್ ಇಲ್ಲ ಸಾರ್ ಅಂದ. ಇಸ್ತ್ರಿಯವನು ದೇವರಾಣೆ ಮಾಡಿದ. ಕೊನೆಗೆ ಅಮ್ಮ ತಾವಾಗೇ, "ಬೇಕೂ ಅಂತ ಹಾಕಿಲ್ಲ ಕಣೋ, ಗಂಜಿಯಾದ ಅನ್ನ ಎಸೆಯೋಕಾಗುತ್ತಾ? ಒಂಚೂರು ಮೊಸರು ಕಲಸಿ..." ಅಂದರು.

ವಿಷಯ ಏನಪ್ಪಾ ಅಂದರೆ, ನಮ್ಮನೆ ಕುಕ್ಕರ್ ಕೂಗಿದ ತಕ್ಷಣ ಗುಂಡನೂ ಕೂಗುತ್ತಾನೆ. ಹೆಚ್ಚು ಕಮ್ಮಿ ಅದೇ ಶ್ರುತಿ. ಅಮ್ಮ ಹಾಲ್‌ನಲ್ಲಿ ಕೂತು ಟಿವಿ ಸೀರಿಯಲ್ ನೋಡುತ್ತಾ ಕೂಗು ಎಣಿಸುವವರು. ಮೊದಲ ವಾರ ಅವನ ಕೂಗನ್ನೂ ಲೆಕ್ಕಕ್ಕೆ ಸೇರಿಸಿ ಆಫ್ ಮಾಡಿ, ಬೇಳೆ ಕಲ್ಲಿನ ಹಾಗೆ ಉಳಿಯಿತು. ಆಮೇಲೆ ಯಾವುದಕ್ಕೂ ಇರಲಿ ಅಂತ ಏಳೆಂಟು ಕೂಗಿಗೆ ಬಿಡತೊಡಗಿದರು. ಅನ್ನ ಗಂಜಿ. ಗಂಜಿ ಗುಂಡನಿಗೆ.

ಮೊನ್ನೆ ಭಾನುವಾರ ಅಮ್ಮ ದೇವಸ್ಥಾನಕ್ಕೆ ಹೊರಟವರು "ಮೂರು ಕೂಗಿಗೆ ಆಫ್ ಮಾಡು, ಅಷ್ಟೂ ಆಗಲ್ವಾ ನಿನ್ನ ಕೈಲಿ?" ಅಂದು ಹೋದರು. ನಾನು ಸೋಫಾದಲ್ಲಿ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಮೈಯೆಲ್ಲಾ ಕಿವಿಯಾಗಿ ಎಣಿಸಿದೆ. ಒಂದು. ಅದು ಅವನದು. ಎರಡು. ಇದು ಕುಕ್ಕರಿನದು, ಅಲ್ಲ, ಅದೂ ಅವನದೇ ಇರಬೇಕು. ಐದಾದ ಮೇಲೆ ಲೆಕ್ಕ ತಪ್ಪಿತು. ಇನ್ನೊಂದಾಗಲಿ, ಇನ್ನೊಂದಾಗಲಿ ಅಂತ ಕಾದು, ಸೊಂಟ ಹಿಡಿದುಕೊಂಡು ಎದ್ದು ಹೋಗಿ ಮುಚ್ಚಳ ತೆಗೆದೆ. ಸೌಟಿಗೂ ಸಿಗದಷ್ಟು ಗಂಜಿ.

ತಿರುಗಿ ನೋಡಿದರೆ ಗುಂಡ ಬಾಗಿಲಲ್ಲಿ ನಿಂತಿದ್ದ. ತಟ್ಟೆಯನ್ನೂ ಬಾಯಲ್ಲಿ ಕಚ್ಚಿಕೊಂಡೇ ಬಂದಿದ್ದ.